ಆ ಡಬ್ಬಿಯ ಮೇಲೆ ಏನಿದೆ ಅಂತ ಬರೆಸಿ, ಸಚಿವರೇ

ಮಾನ್ಯ ಆರೋಗ್ಯ ಸಚಿವರಿಗೆ,

ಶಿರಸಿಯಿಂದ ನಮಸ್ಕಾರ.

ನನ್ನೆದುರು ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಇದೆ. ಮುಚ್ಚಳದ ಮೇಲೆ ಬಾಲ್‌ಪೆನ್ನಿನಲ್ಲಿ ‘ದಿನಕ್ಕೆ 2 ಸಲ’ ಅಂತ ಬರೆದಿದೆ. ಬೇರೆ ಒಂದಕ್ಷರ ಇಲ್ಲ. ಕಳೆದ ಮಳೆಗಾಲದಲ್ಲಿ ತೋಟದ ಕೆಸರಲ್ಲಿ ಓಡಾಡಿ ಆಯಿಯ ಕಾಲ್ಬೆರಳ ಸಂದಿಯಲ್ಲಿ ತುರಿಕೆ ಎದ್ದಿತ್ತು. ದವಾಖಾನೆಯಲ್ಲಿ ಈ ಮುಲಾಮು ಕೊಟ್ಟರು. ಮೆಡಿಕಲ್ ಶಾಪ್‌ನವರು ಎರಡು ಮೂರು ಔಷಧ ಕಲಸಿ ಡಾಕ್ಟರಿಗೆ ತಯಾರು ಮಾಡಿಕೊಡುವುದಂತೆ. ವಾರದೊಳಗೆ ತುರಿಕೆ ನಿಂತಿತು. ಹಚ್ಚುವುದು ಬಿಟ್ಟರೆ ದುಪ್ಪಟ್ಟಾಗಿ ಬರುತ್ತಿತ್ತು. ಮತ್ತೆ ಹಚ್ಚಿದಳು. ಮೂರು ತಿಂಗಳಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು.

ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ದೊಡ್ಡ ಆಸ್ಪತ್ರೆ ಬೇಕೆಂದರೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಓಡಬೇಕು, ಅದು ನಿಮಗೂ ಗೊತ್ತು. ಚರ್ಮದ ಡಾಕ್ಟರ್ ಡಬ್ಬಿ ತಿರುಗಿಸಿ ನೋಡಿ, ‘ಇದರಲ್ಲಿ ಸ್ಟೀರಾಯ್ಡ್ ಇದೆಯಾ? ಎಷ್ಟಿದೆ?’ ಅಂತ ಕೇಳಿದರು. ಸ್ಟೀರಾಯ್ಡ್ ತುರಿಕೆ ಅಡಗಿಸುತ್ತದೆ, ಫಂಗಸ್ ಒಳಗೊಳಗೇ ಹಬ್ಬುತ್ತದೆ ಅಂದರು. ಅಲ್ಲಿಂದಲೇ ಫೋನ್ ಮಾಡಿದೆ. ದವಾಖಾನೆಯವರು ಅಂಗಡಿಯವರನ್ನು ಕೇಳಿ ಅಂದರು. ಅಂಗಡಿಯವರು, ‘ಅದನ್ನು ಬೆರೆಸಿದ ಹುಡುಗ ಈಗ ಕೆಲಸದಲ್ಲಿಲ್ಲ’ ಅಂದರು.

ಡಾಕ್ಟರ ಚೀಟಿಯ ಮೇಲೆ ಔಷಧ ಬೆರೆಸಿಕೊಡುವವರು ನೋಂದಾಯಿತ ಫಾರ್ಮಾಸಿಸ್ಟೇ ಆಗಿರಬೇಕು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಇದನ್ನೇ ಹೇಳುತ್ತದೆ. ಆ ಹುಡುಗ ಯಾರು ಅಂತ ನನಗೆ ಈವರೆಗೂ ತಿಳಿದಿಲ್ಲ.

ಬೆರೆಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಾತ್ರೆ ನುಂಗಲಾಗದ ಮಗುವಿಗೆ ಅದೇ ಔಷಧವನ್ನು ದ್ರವವಾಗಿ ಮಾಡಿಕೊಡಲು ಅದು ಬೇಕೇ ಬೇಕು. ದಯವಿಟ್ಟು ನಿಲ್ಲಿಸಬೇಡಿ.

ಅಮೆರಿಕದಲ್ಲಿ 2012ರಲ್ಲಿ ಹೀಗೆ ಒಂದು ಫಾರ್ಮಸಿ ತಯಾರಿಸಿ ಕ್ಲಿನಿಕ್‌ಗಳಿಗೆ ಕಳಿಸಿದ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಫಂಗಸ್ ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಹೊಸ ಕಾನೂನು ಬಂತು. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಸಂಗತಿ. ಕೆಟ್ಟ ಬ್ಯಾಚ್ ಯಾವುದು, ಯಾವ ಕ್ಲಿನಿಕ್‌ಗೆ ಹೋಗಿದೆ ಅಂತ ಲೆಕ್ಕ ಇತ್ತು. ಹಾಗಾಗಿ ಆ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದ ಸುಮಾರು 14,000 ಜನರನ್ನು ಹುಡುಕಿ ಎಚ್ಚರಿಸಲು ಆಯಿತು. ನಮ್ಮಲ್ಲಿ ಹಾಗಾದರೆ ಯಾರನ್ನು ಅಂತ ಹುಡುಕುತ್ತೀರಿ?

ದವಾಖಾನೆಗೆ ಹೋಗುವ ಪ್ರತಿ ಡಬ್ಬಿ, ಪ್ರತಿ ಬಾಟಲಿಯ ಮೇಲೆ ಒಳಗೆ ಏನೇನು ಎಷ್ಟೆಷ್ಟಿದೆ, ಯಾವಾಗ ಬೆರೆಸಿದ್ದು, ಎಲ್ಲಿಯವರೆಗೆ ಬಳಸಬಹುದು, ಬೆರೆಸಿದವರು ಯಾರು ಅಂತ ಬರೆಯಲೇಬೇಕು. ಅದೂ ಕನ್ನಡದಲ್ಲಿ. ಅಂಗಡಿಯ ರಿಜಿಸ್ಟರಿನಲ್ಲೂ ಅದೇ ಇರಬೇಕು. ಡ್ರಗ್ ಇನ್ಸ್‌ಪೆಕ್ಟರ್ ಬಂದಾಗ ಆ ಪುಸ್ತಕವನ್ನು ಮೊದಲು ತೆರೆಸಲಿ.

ಆಯಿಯ ಕಾಲು ಇನ್ನೂ ಪೂರ್ತಿ ವಾಸಿಯಾಗಿಲ್ಲ. ಡಬ್ಬಿಯಲ್ಲಿ ಅರ್ಧ ಮುಲಾಮು ಉಳಿದಿದೆ. ನಿಮ್ಮ ಇಲಾಖೆಯವರು ಕೇಳಿದರೆ ಪರೀಕ್ಷೆಗೆ ನಾನೇ ತಂದುಕೊಡುತ್ತೇನೆ.

ಇಂತಿ,
ಶಿರಸಿಯ ಒಬ್ಬ ಮಗಳು