ಬೆಚ್ಚುವವರು ಕತ್ತಿ ಹಿಡಿಯಬಾರದಂತೆ

ನ್ಯೂರೆಂಬರ್ಗ್
ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪತ್ರ ತಲುಪಿತು. ನಿನ್ನ ಪರೀಕ್ಷೆ, ಹೊಸ ಕೋಣೆಯ ಬಾಡಿಗೆ, ಅಮ್ಮನ ಮಂಡಿನೋವು ಎಲ್ಲ ಫೋನಿನಲ್ಲೇ ಆಗಿದೆ, ಮತ್ತೆ ಎತ್ತುವುದಿಲ್ಲ. ಕೊನೆಯ ಪುಟದ ಅಂಚಿನಲ್ಲಿ ಜಾಗ ಸಾಲದೆ ಅಡ್ಡಡ್ಡವಾಗಿ ಬರೆದಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. ಬೇಗ ಬೆಚ್ಚುವವನು ಕತ್ತಿವರಸೆ ಕಲಿಯಲೇಬಾರದು ಎಂದು ಮಧ್ಯಯುಗದ ಕತ್ತಿವರಸೆ ಗುರು ಲೀಖ್ಟೆನಾವರ್ ಹೇಳಿದ್ದಾರೆ, ನಾನು ಬೆಚ್ಚುತ್ತೇನೆ, ಹಾಗಾಗಿ ಬಿಡುತ್ತಿದ್ದೇನೆ ಎಂದು.

ಬಿಡುವುದಾದರೆ ಬಿಡು. ಸಮಯವಿಲ್ಲ, ದುಡ್ಡಿಲ್ಲ, ಬೇಸರ ಬಂತು ಎಂದಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಬೆಚ್ಚುವವಳು ಎಂಬ ಕಾರಣಕ್ಕೆ ಬಿಡುತ್ತೇನೆ ಎಂದೆ ನೋಡು, ಅದು ನಮ್ಮ ಮನೆಯ ಮಾತು. ಅದಕ್ಕೆ ಒಬ್ಬ ಜರ್ಮನ್ ಗುರುವಿನ ಸಾಕ್ಷಿ ಬೇರೆ ತಂದಿದ್ದೀಯೆ.

ಆ ಸಾಲು ಇರುವುದು ನಿಜ, ಇಲ್ಲವೆಂದು ವಾದಿಸುವುದಿಲ್ಲ. ಲೀಖ್ಟೆನಾವರ್ ಕೈಯಾರೆ ಬರೆದ ಒಂದು ಹಾಳೆಯೂ ನಮಗೆ ಸಿಕ್ಕಿಲ್ಲ. ಪ್ರಾಸ ಕಟ್ಟಿದ, ಅರ್ಧ ಒಗಟಿನಂತಿರುವ ಪದ್ಯಗಳಷ್ಟೇ ಉಳಿದಿವೆ, ಅವಕ್ಕೆ ಅರ್ಥ ಬಿಡಿಸಿ ಬರೆದವರು ಬೇರೆಯವರು. ರಿಂಗೆಕ್ ಎಂಬ ಗುರುವಿನ ವ್ಯಾಖ್ಯಾನದ ಹಸ್ತಪ್ರತಿ ನಿನ್ನ ಡ್ರೆಸ್ಡೆನ್ನಿನ ಗ್ರಂಥಾಲಯದಲ್ಲೇ ಇದೆ. ನನ್ನ ಊರಿನ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದಿದೆ. ಅದು 1389ರದು ಎಂದು ಬಹುಕಾಲ ಹೇಳುತ್ತಿದ್ದರು, ಈಗ ಆ ವರ್ಷದ ಬಗ್ಗೆ ಪಂಡಿತರಲ್ಲಿ ಜಗಳ. ಯಾರೋ ತಮ್ಮ ಉಪಯೋಗಕ್ಕೆಂದು ಬರೆದಿಟ್ಟುಕೊಂಡ ಪುಸ್ತಕ ಅದು. ಕಬ್ಬಿಣ ಹದ ಮಾಡುವುದು, ಔಷಧ, ಇಂಥವುಗಳ ನಡುವೆ ಕತ್ತಿವರಸೆಯೂ ಇದೆ. ಬೆಚ್ಚುವವರ ಮಾತು ಅದರಲ್ಲೂ ಇದೆ.

ಆದರೆ ಆ ಪದ್ಯ ಆರಂಭವಾಗುವುದು ಹೇಗೆಂದು ನಿಮ್ಮ ತರಗತಿಯಲ್ಲಿ ಓದಿಸಿರಬೇಕು. ತರುಣ ವೀರನೇ, ದೇವರನ್ನು ಪ್ರೀತಿಸು, ಹೆಂಗಸರನ್ನು ಗೌರವಿಸು ಎಂದು. ಅಂದರೆ ಅದನ್ನು ಹೇಳಿದ್ದು ಕುದುರೆ, ಕವಚ, ಮಾನ ಎಲ್ಲ ಇರುವ ಒಬ್ಬ ಗಂಡಿಗೆ. ಅವನು ಬೆಚ್ಚಿದರೆ ಸಾಯುತ್ತಾನೆ. ನಿನ್ನ ಎದುರು ನಿಲ್ಲುವ ಹುಡುಗ ತರಗತಿ ಮುಗಿದ ಮೇಲೆ ಬೈಸಿಕಲ್ ಹತ್ತಿ ಮನೆಗೆ ಹೋಗುವವನು. ಅವನ ಕೈಯಲ್ಲಿರುವ ಫೆಡರಿಗೆ, ಅಂದರೆ ಅಭ್ಯಾಸದ ಕತ್ತಿಗೆ, ಹರಿತವಿಲ್ಲ, ಮೊನೆ ಮೊಂಡು, ಚುಚ್ಚಿದರೆ ಬಾಗುತ್ತದೆ. ನೀನು ಎಷ್ಟು ಬೇಕಾದರೂ ಬೆಚ್ಚಬಹುದು, ಯಾರೂ ಸಾಯುವುದಿಲ್ಲ. (ಹೆಂಗಸರನ್ನು ಗೌರವಿಸಬೇಕು ಎಂದ ಗುರುವಿಗೆ ಕತ್ತಿ ಹಿಡಿದ ಹೆಂಗಸು ಕಣ್ಣಿಗೆ ಬಿದ್ದಿದ್ದಳೋ ಇಲ್ಲವೋ. ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ, ಯುರೋಪಿನ ಕತ್ತಿವರಸೆಯ ಪುಸ್ತಕಗಳಲ್ಲಿ ಉಳಿದಿರುವ ಅತಿ ಹಳೆಯದರಲ್ಲಿ ವಾಲ್ಪುರ್ಗಿಸ್ ಎಂಬ ಹೆಂಗಸು ಕತ್ತಿ ಮತ್ತು ಪುಟ್ಟ ಗುರಾಣಿ ಹಿಡಿದು ಒಬ್ಬ ಪಾದ್ರಿಯ ಎದುರು ನಿಂತಿದ್ದಾಳೆ. ಆ ಚಿತ್ರದ ನಕಲನ್ನು ನಾನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ನಿನ್ನ ದೊಡ್ಡಪ್ಪ ಅದನ್ನು ಮನೆದೇವರು ಎನ್ನುತ್ತಿದ್ದರು.)

ವಿಷಯಕ್ಕೆ ಬರುತ್ತೇನೆ. ಕತ್ತಿ ಹಿಡಿದು ನಿಲ್ಲುವ ನಾಲ್ಕು ನಿಲುವುಗಳಲ್ಲಿ ನೀನು ಬೆಚ್ಚುವುದು ಎಲ್ಲಿ? ಪತ್ರವನ್ನು ಮತ್ತೆ ಓದಿದೆ. ಫೋಮ್ ಟಾಗ್‌ನಲ್ಲಿ, ಅಂದರೆ ಕತ್ತಿ ಬಲಭುಜದ ಮೇಲೆ, ಎಡಗಾಲು ಮುಂದೆ ಇರುವಾಗ, ಪರವಾಗಿಲ್ಲ ಎಂದಿದ್ದೀಯೆ. ಓಕ್ಸ್‌ನಲ್ಲಿ ಹಿಡಿಯನ್ನು ತಲೆಯ ಪಕ್ಕಕ್ಕೆ ಎತ್ತಿ ಮೊನೆಯನ್ನು ಎದುರಾಳಿಯ ಮುಖಕ್ಕೆ ಗುರಿಯಿಟ್ಟರೆ ತೋಳು ನೋಯುತ್ತದೆ, ಭಯವಿಲ್ಲ. ಹಿಡಿ ಸೊಂಟದ ಬಳಿ, ಮೊನೆ ಎದುರಾಳಿಯತ್ತ ಇರುವ ಫ್ಲೂಗ್ ಸುಲಭ. ಆಲ್ಬರ್‌ನಲ್ಲಿ ಮಾತ್ರ, ಕೈ ಚಾಚಿ ಮೊನೆಯನ್ನು ನೆಲದತ್ತ ಇಳಿಸಿ ನಿಂತಾಗ, ತಲೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ ಅನ್ನಿಸುತ್ತದೆ, ಅವನು ಹೆಜ್ಜೆ ಎತ್ತಿದ ಕೂಡಲೇ ಕಣ್ಣು ಮುಚ್ಚಿಹೋಗುತ್ತದೆ.

ಅಲ್ಲವೇ ಮತ್ತೆ? ಫ್ಲೂಗ್‌ನಲ್ಲೂ ಓಕ್ಸ್‌ನಲ್ಲೂ ನಿನಗೂ ಅವನಿಗೂ ನಡುವೆ ಒಂದು ಮೊನೆಯಿದೆ. ಫೋಮ್ ಟಾಗ್‌ನಲ್ಲಿ ಮೊನೆಯಿಲ್ಲದಿದ್ದರೂ ಹೊಡೆತ ಎತ್ತಿಟ್ಟಿರುತ್ತದೆ. ಆಲ್ಬರ್‌ನಲ್ಲಿ ಇವೆರಡೂ ಇಲ್ಲ, ಬಾ, ಹೊಡೆ ಎಂದು ಕರೆಯುವ ನಿಲುವು ಅದು. ಅಲ್ಲಿ ಬೆಚ್ಚದವರಿದ್ದರೆ ಅವರಿಗೆ ಏನೋ ಕಾಣುತ್ತಿಲ್ಲ ಎಂದೇ ನನ್ನ ಅಭಿಪ್ರಾಯ.

ಬೆಚ್ಚುವುದನ್ನು ನೀನು ಆ ವ್ಯಾಯಾಮಶಾಲೆಯಲ್ಲಿ ಕಲಿಯಲಿಲ್ಲ ಪುಟ್ಟಿ. ಅಜ್ಜನ ವಿಷಯ ನಿನಗೆ ಗೊತ್ತಿದೆ, ಅಮ್ಮ ಹೇಳಿದ್ದಾಳೆ, ಹೇಳದಿದ್ದುದನ್ನು ನೀನೇ ನೋಡಿದ್ದೀಯೆ. ಗೇಟಿನ ಚಿಲಕ ಸದ್ದಾದರೆ ನಾವಿಬ್ಬರೂ ಅಕ್ಕತಂಗಿಯರು ಏನು ಮಾಡುತ್ತಿದ್ದೆವೋ ಅದನ್ನೇ ನೀನು ಮಾಡುತ್ತೀಯೆ. ಭುಜ ಕಿವಿಯವರೆಗೆ ಏರುತ್ತದೆ, ಗಲ್ಲ ಎದೆಗೆ ಇಳಿಯುತ್ತದೆ, ಉಸಿರು ನಿಲ್ಲುತ್ತದೆ, ಕಣ್ಣು ಮುಚ್ಚುತ್ತದೆ. ನೀನು ನಿನ್ನನ್ನು ವರ್ಣಿಸಿದ ರೀತಿ ಓದಿ ನನಗೆ ಮೈ ತಣ್ಣಗಾಯಿತು, ಏಕೆಂದರೆ ಅದರಲ್ಲಿ ಒಂದಕ್ಷರವೂ ಬೇರೆ ಇಲ್ಲ. ಅದೂ ಒಂದು ನಿಲುವೇ. ನಮ್ಮ ಮನೆ ನಮಗೆ ಕೊಟ್ಟ ಐದನೆಯ ನಿಲುವು. ಲೀಖ್ಟೆನಾವರ್ ನಾಲ್ಕನ್ನೇ ಇಟ್ಟುಕೊಳ್ಳಿ, ಉಳಿದ ಸಾಮಾನ್ಯದವನ್ನು ಬಿಡಿ ಎಂದರು. ಆ ಮಾತನ್ನಾದರೂ ನೀನು ಹಿಡಿದುಕೊಳ್ಳಬಹುದಿತ್ತು, ಹಿಡಿದದ್ದು ಇನ್ನೊಂದನ್ನು.

ನಾನು ತರಗತಿಗೆ ಸೇರಿದಾಗ ನನಗೆ ನಲವತ್ತು ದಾಟಿತ್ತು. ಅದಕ್ಕೂ ಮೊದಲು ಈ ಊರಿನಲ್ಲಿ ಫೋನ್ ಬಡಿದುಕೊಂಡರೆ ಬೆಚ್ಚುತ್ತಿದ್ದೆ, ಆಚೆಯವರು ಜರ್ಮನ್‌ನಲ್ಲಿ ಏನು ಕೇಳಿಬಿಡುತ್ತಾರೋ ಎಂದು. ಕಚೇರಿಯ ಜೊತೆಗಾತಿ ಒಬ್ಬಳು ಬಲವಂತವಾಗಿ ಕರೆದುಕೊಂಡು ಹೋದಳು. ಕತ್ತಿ ಎತ್ತಲಾರದಷ್ಟು ಭಾರವಿರುತ್ತದೆ ಎಂದುಕೊಂಡು ಹೋದೆ, ನೋಡಿದರೆ ಒಂದೂವರೆ ಕಿಲೋ ಕೂಡ ಇರಲಿಲ್ಲ. ಮೊದಲ ಬಾರಿ ಒಬ್ಬ ಎತ್ತರದ ಮನುಷ್ಯ ನನ್ನ ತಲೆಯ ಮೇಲೆ ಹೊಡೆತ ಇಳಿಸಿದಾಗ ನಾನು ಏನು ಮಾಡಿದೆ ಗೊತ್ತೇ? ಏನೂ ಮಾಡಲಿಲ್ಲ. ಕತ್ತಿ ಫ್ಲೂಗ್‌ನಲ್ಲೇ ಇತ್ತು, ಕೈಯೂ ಕಾಲೂ ಪುಸ್ತಕದಲ್ಲಿದ್ದ ಹಾಗೆಯೇ ಇದ್ದವು, ನಾನು ಮಾತ್ರ ಅಲ್ಲಿರಲಿಲ್ಲ.

ಬೆಚ್ಚುವುದರ ಬಗ್ಗೆ ನೀನು ಕೊರಗುತ್ತಿದ್ದೀಯೆ, ನನಗೆ ಆತಂಕವಿರುವುದು ಅದರ ಮುಂದಿನ ಕ್ಷಣದ ಬಗ್ಗೆ. ಬೆಚ್ಚಿದ ಮೇಲೆ ಕಲ್ಲಾಗುವುದು. ನಮ್ಮ ಮನೆಯಲ್ಲಿ ಕಲ್ಲಾದರೆ ಉಳಿಯುತ್ತಿದ್ದೆವು, ಅಲುಗಾಡಿದವರಿಗೇ ಬೀಳುತ್ತಿತ್ತು. ಇಲ್ಲಿಯ ಹಸ್ತಪ್ರತಿಯಲ್ಲಿ ಇದಕ್ಕೆ ನೇರ ವಿರುದ್ಧವಾದ ಮಾತಿದೆ. ನಿಲುವಿನಲ್ಲಿ ಬಹಳ ಹೊತ್ತು ಇರಬೇಡಿ ಎನ್ನುತ್ತಾ ಅದೇ ಲೀಖ್ಟೆನಾವರ್ ಹೇಳುತ್ತಿದ್ದ ಗಾದೆಯೊಂದನ್ನು ಕೊಟ್ಟಿದ್ದಾರೆ. ಬಿದ್ದುಕೊಂಡವನು ಸತ್ತ, ಅಲುಗಾಡಿದವನು ಇನ್ನೂ ಬದುಕಿದ್ದಾನೆ ಎಂದು. ನಿನ್ನ ತರಗತಿಯಲ್ಲಿ ಆ ಮಾತನ್ನು ಓದಿಸಿದರೋ ಇಲ್ಲವೋ. ಓದಿಸಬೇಕಿತ್ತು.

ನಿಲುವು ಎಂದರೆ ಭದ್ರವಾದ ಜಾಗ ಎಂದು ನಾನು ಬಹಳ ದಿನ ತಿಳಿದಿದ್ದೆ, ನಿನ್ನ ಪತ್ರ ನೋಡಿದರೆ ನೀನೂ ಹಾಗೆಯೇ ತಿಳಿದಂತಿದೆ. ಅದು ಹಾಗಿಲ್ಲ. ನಾಲ್ಕರಲ್ಲಿ ಪ್ರತಿಯೊಂದನ್ನೂ ಮುರಿಯಲು ಒಂದೊಂದು ಹೊಡೆತವನ್ನು ಅವರೇ ಹೇಳಿಕೊಟ್ಟಿದ್ದಾರೆ. ಓಕ್ಸ್‌ಗೆ ಕ್ರುಂಪ್‌ಹೌ, ಫ್ಲೂಗ್‌ಗೆ ಶೀಲ್‌ಹೌ, ಆಲ್ಬರ್‌ಗೆ ನೆತ್ತಿಯ ಮೇಲಿಂದ ಬರುವ ಶೈಟಲ್‌ಹೌ, ಫೋಮ್ ಟಾಗ್‌ಗೆ ಅಡ್ಡಡ್ಡಲಾಗಿ ಬೀಸುವ ತ್ಸ್ವೆರ್ಖ್‌ಹೌ. ಮುರಿಯಲಾಗದ ನಿಲುವು ಇದ್ದಿದ್ದರೆ ಎಲ್ಲರೂ ಅದರಲ್ಲೇ ನಿಂತುಬಿಡುತ್ತಿದ್ದರು. ಫೋಮ್ ಟಾಗ್‌ನಿಂದ ಹೊಡೆತವನ್ನು ಪೂರ್ತಿ ಇಳಿಸಿಬಿಟ್ಟರೆ ಆಲ್ಬರ್‌ಗೆ ಬಂದು ಸೇರುತ್ತೀಯೆ. ಅಲ್ಲಿಂದ ಹಿಡಿಯನ್ನು ತಲೆಯ ಪಕ್ಕಕ್ಕೆ ಎತ್ತಿ ಮೊನೆ ಮುಂದೆ ಮಾಡಿದರೆ ಓಕ್ಸ್, ಹಿಡಿ ಸೊಂಟಕ್ಕೆ ಇಳಿದರೆ ಫ್ಲೂಗ್. ಇವು ಹೋಗುತ್ತಾ ಬರುತ್ತಾ ಹಾದುಹೋಗುವ ಜಾಗಗಳು. ಚಿತ್ರಗಳಲ್ಲಿ ಮಾತ್ರ ಜನ ಅವುಗಳಲ್ಲಿ ನಿಂತಿರುತ್ತಾರೆ, ಚಿತ್ರ ಬರೆಯುವವನಿಗೆ ಬೇರೆ ದಾರಿಯಿಲ್ಲವಲ್ಲ.

ಅದು ಗೊತ್ತಾದ ಮೇಲೂ ನನಗೆ ಬೆಚ್ಚುವುದು ಹೋಗಲಿಲ್ಲ. ಸುಳ್ಳು ಹೇಳಿ ನಿನ್ನನ್ನು ಹುರಿದುಂಬಿಸುವುದಿಲ್ಲ. ಭುಜದ ನೋವಿನಿಂದ ಬಿಡುವವರೆಗೂ ಮೊದಲ ಹೊಡೆತಕ್ಕೆ ಬೆಚ್ಚುತ್ತಲೇ ಇದ್ದೆ. ಆದರೆ ಬೆಚ್ಚಿದ ಕೈ ಮೇಲಕ್ಕೇ ಹಾರುತ್ತದೆ ಎಂಬುದನ್ನು ಗಮನಿಸಿದ್ದೀಯಾ? ಆಲ್ಬರ್‌ನಲ್ಲಿ ಹಾರುವ ಕೈಯಲ್ಲಿ ಹಿಡಿ ಇರುತ್ತದೆ. ಅದು ಹಾರಿದರೆ ಸರಿಸುಮಾರು ಓಕ್ಸ್‌ನ ದಾರಿಯಲ್ಲೇ ಹೋಗುತ್ತದೆ. ನನಗೆ ಕಲಿಸಿದವರು ಇದನ್ನು ತಪ್ಪು ಎನ್ನಲಿಲ್ಲ, ಸ್ವಲ್ಪ ಮುಂದಕ್ಕೆ ಹಾರಿಸಿ ಎಂದರು, ಅಷ್ಟೇ. ನಿನ್ನ ಗುರುಗಳಿಗೆ ಇದು ಒಪ್ಪಿಗೆಯಾಗದಿರಬಹುದು, ಅವರ ಮಾತೇ ಮೇಲು. ನಾನು ದೂರದಿಂದ ಹೇಳುವವಳು.

ಇನ್ನೊಂದು. ಆಗುವುದಾದರೆ ಮಾಡು, ಇಲ್ಲದಿದ್ದರೆ ಬಿಡು. ನಂಬಿಕೆಯ ಜೊತೆಗಾರರೊಬ್ಬರನ್ನು ಕೇಳಿಕೋ. ಮಾಸ್ಕ್, ಕುತ್ತಿಗೆಯ ಕವಚ, ಕೈಗವಸು ಎಲ್ಲ ಹಾಕಿಕೊಂಡು ಆಲ್ಬರ್‌ನಲ್ಲಿ ನಿಲ್ಲು. ಅವರು ನಿಧಾನವಾಗಿ, ಬಹಳ ನಿಧಾನವಾಗಿ ಮಾಸ್ಕಿನ ನೆತ್ತಿಗೆ ಕತ್ತಿ ಇಳಿಸಲಿ. ನೀನು ತಡೆಯಬೇಡ, ಕತ್ತಿ ಬರುವುದನ್ನು ನೋಡು, ಅಷ್ಟೇ ಕೆಲಸ. ಕಣ್ಣು ಮುಚ್ಚಿದರೆ ಮುಚ್ಚಲಿ, ಎಲ್ಲಿ ಮುಚ್ಚಿತು ಎಂದು ಹೇಳು, ಮತ್ತೆ ಮೊದಲಿನಿಂದ. ಅದಾದ ಮೇಲೆ ಒಂದು ಹೆಜ್ಜೆ ಪಕ್ಕಕ್ಕೆ. ಕೈ ಆಮೇಲೆ. ಉಸಿರು ಬಿಡುತ್ತಿರು, ನಮ್ಮವರು ಮೊದಲು ಮರೆಯುವುದು ಅದನ್ನೇ. ಹಿಡಿಯನ್ನು ಬಿಗಿಯಾಗಿ ಅದುಮಬೇಡ ಎಂದು ಎಲ್ಲರೂ ಹೇಳಿರುತ್ತಾರೆ, ನಾನೂ ಹೇಳಿದೆ, ಪ್ರಯೋಜನವಿಲ್ಲ, ಭಯವಾದಾಗ ಯಾರಾದರೂ ಅದುಮುತ್ತಾರೆ.

ಅಭ್ಯಾಸವಿದ್ದರೆ ವಿದ್ಯೆಯಿಲ್ಲದೆಯೂ ನಡೆದೀತು, ಅಭ್ಯಾಸವಿಲ್ಲದ ವಿದ್ಯೆ ನಡೆಯದು ಎಂಬ ಅರ್ಥದ ಮಾತೂ ಇಲ್ಲಿಯ ಪುಸ್ತಕದಲ್ಲಿದೆ. ಬೆಚ್ಚುವವರನ್ನು ಹೊರಗಿಟ್ಟ ಪದ್ಯವನ್ನು ಹೊತ್ತ ಪುಸ್ತಕವೇ ಇದನ್ನೂ ಹೇಳುತ್ತದೆ. ಹಳೆಯ ಪುಸ್ತಕಗಳು ಹಾಗೆಯೇ, ಯಾವ ಪುಟ ತೆರೆದೆ ಎಂಬುದರ ಮೇಲೆ ಹೋಗುತ್ತದೆ. ನೀನು ಬೇಕೆಂದೇ ನಿನ್ನನ್ನು ಹೊರಗಟ್ಟುವ ಪುಟ ಹುಡುಕಿಕೊಂಡೆ ಎಂದು ನನ್ನ ಗುಮಾನಿ. ನಾನಾಗಿದ್ದರೂ ಅದನ್ನೇ ಹುಡುಕುತ್ತಿದ್ದೆ.

ನಿನಗೆ ಇಷ್ಟುದ್ದ ಬರೆಯುತ್ತಿರುವುದು ನಿನ್ನ ಅಮ್ಮನಿಗೆ ಬರೆಯಲಾರದ್ದರಿಂದಲೂ ಇರಬಹುದು. ನಾನು ಮದುವೆಯಾಗಿ ಈ ದೇಶಕ್ಕೆ ಹೊರಟಾಗ ಅವಳಿನ್ನೂ ಪಿಯುಸಿ. ಆ ಮನೆಯಲ್ಲಿ ಬೆಚ್ಚುವವರು ಇಬ್ಬರಿದ್ದೆವು, ಅವಳೊಬ್ಬಳಾದಳು. ಪ್ರತಿ ಪತ್ರದಲ್ಲೂ ಎಲ್ಲರೂ ಕ್ಷೇಮ ಎಂದು ಬರೆಯುತ್ತಿದ್ದಳು, ನಾನೂ ಕ್ಷೇಮವೆಂದೇ ಓದಿಕೊಂಡೆ. ಓದಿಕೊಳ್ಳದೆ ಇದ್ದಿದ್ದರೆ ಏನಾಗುತ್ತಿತ್ತೋ. ರಜೆಗೆ ಕರೆಸಿಕೊಳ್ಳಬಹುದಿತ್ತು, ಇಲ್ಲಿಯೇ ಓದಿಸಬಹುದಿತ್ತು, ನಿನ್ನ ದೊಡ್ಡಪ್ಪ ಬೇಡ ಎನ್ನುತ್ತಿರಲಿಲ್ಲ. ಈಗ ಅವಳ ಮಗಳು ಡ್ರೆಸ್ಡೆನ್ನಿನಲ್ಲಿ ಕತ್ತಿ ಹಿಡಿದು ನಿಂತು ಅದೇ ರೀತಿ ಕಣ್ಣು ಮುಚ್ಚುತ್ತಾಳೆ ಎಂದು ಓದಿದರೆ ನನಗೆ ಹೇಗಾಗಬೇಡ ಹೇಳು. ಇದನ್ನು ಅವಳಿಗೆ ಓದಿ ಹೇಳಬೇಡ. ಅಥವಾ ಹೇಳು, ನಿನಗೆ ಬಿಟ್ಟದ್ದು.

ಪಂದ್ಯಗಳಿಗೆ ಹೋಗು ಎನ್ನುತ್ತಿಲ್ಲ. ನಾನೂ ಹೋದವಳಲ್ಲ, ಹೆಸರು ಕೊಟ್ಟು ಹಿಂತೆಗೆದುಕೊಂಡದ್ದುಂಟು. ಆ ಹುಡುಗರಂತೆ ವೇಗವಾಗಿ ಆಡಬೇಕಾಗಿಯೂ ಇಲ್ಲ. ಬೆಚ್ಚಿದ ಮೇಲೆ ಏನಾದರೂ ಒಂದನ್ನು ಮಾಡು, ಹಿಂದಕ್ಕೆ ಹೆಜ್ಜೆ ಇಟ್ಟರೂ ಸರಿ. ಓಡಿದರೂ ಸರಿ ಎಂದು ಬರೆಯಹೊರಟೆ, ನಿನ್ನ ಗುರುಗಳು ಓದಿದರೆ ಬೈದಾರು.

ಕೈಗವಸು ಮಾತ್ರ ಒಳ್ಳೆಯದನ್ನೇ ಕೊಳ್ಳು, ಬೆರಳಿಗೆ ಗಟ್ಟಿ ಕವಚವಿರುವುದು. ಎರಡು ಕೈಯ ಕತ್ತಿಯಲ್ಲಿ ಏಟು ಹೆಚ್ಚಾಗಿ ಬೀಳುವುದು ಬೆರಳಿಗೇ, ನೆತ್ತಿಗಲ್ಲ. ನೀನು ಹೆದರುತ್ತಿರುವ ಜಾಗವೇ ಬೇರೆ, ಪೆಟ್ಟಾಗುವ ಜಾಗವೇ ಬೇರೆ. ನನ್ನ ಎಡಗೈಯ ಕಿರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ನನ್ನ ಹಳೆಯ ಜೋಡಿ ಇದೆ, ನಿನಗೆ ದೊಡ್ಡದಾದೀತು, ಕಳುಹಿಸುವುದಿಲ್ಲ.

ಬಿಡುತ್ತೇನೆಂದು ಕ್ಲಬ್ಬಿಗೆ ಈಗಾಗಲೇ ಬರೆದಿದ್ದರೆ ಹೋಗಲಿ. ಬರೆದಿಲ್ಲವಾದರೆ ಇನ್ನೊಂದು ತಿಂಗಳು ತಡೆ. ಆ ತಿಂಗಳ ಶುಲ್ಕವನ್ನು ನಿನ್ನ ಖಾತೆಗೆ ಹಾಕುತ್ತೇನೆ, ಬೇಡ ಎಂದು ವಾಪಸ್ ಕಳುಹಿಸಬೇಡ, ಕಳೆದ ಸಲದಂತೆ. ಪೆಂಟೆಕೋಸ್ಟ್ ರಜೆಯಲ್ಲಿ ಬರುತ್ತೀಯೋ ಇಲ್ಲವೋ ಎಂಬುದನ್ನು ಈ ವಾರದೊಳಗೆ ತಿಳಿಸು, ರೈಲಿನ ಟಿಕೆಟ್ ದುಬಾರಿಯಾಗುತ್ತದೆ. ಬರುವುದಾದರೆ ಫೆಡರನ್ನೂ ತಾ.

ಇಂತು,
ನಿನ್ನ ದೊಡ್ಡಮ್ಮ