‘ಗಾಡಿ ಹಳೇದದರಿ’ ಎಂಬುದು ಉತ್ತರವಲ್ಲ

ಮಾನ್ಯರೇ,

ಕಲಬುರಗಿ, ಬೀದರ್ ಕಡೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಬ್ರೇಕ್ ಕೆಲಸ ಮಾಡಿಸಿಕೊಂಡು ಬಂದ ಮೇಲೆ ಪೆಡಲ್ ತಳಕ್ಕೆ ಇಳಿದರೆ, ಗಾಡಿ ಒಂದು ಬದಿಗೆ ಎಳೆದರೆ, ಗ್ಯಾರೇಜಿನಲ್ಲಿ ಸಿದ್ಧ ಉತ್ತರ ಒಂದಿದೆ: ‘ಗಾಡಿ ಹಳೇದದರಿ, ಇಷ್ಟೇ ಹಿಡೀತದ.’ ಇದನ್ನು ಒಪ್ಪಬೇಡಿ. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್ (ಗಾಲಿಯೊಡನೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಶೂಗಳು ಒತ್ತುವ ಬ್ರೇಕ್) ಇರುವ, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದ ಗಾಡಿಗೆ ಕಾಲು ಜೋರಾಗಿ ಒತ್ತಬೇಕು, ನಿಜ. ಆದರೆ ಅದು ನೇರವಾಗಿಯೇ ನಿಲ್ಲಬೇಕು, ಪೆಡಲ್ ಪ್ರತಿಸಲ ಒಂದೇ ಎತ್ತರದಲ್ಲಿ ಸಿಗಬೇಕು. ನಾಲ್ಕೂ ಗಾಲಿಗೆ ಒಂದೇ ಆಯಿಲ್ ಲೈನ್ ಇರುವ ಹಳೆಯ ಗಾಡಿಯಲ್ಲಿ ಒಂದು ಹೋಸ್ (ರಬ್ಬರ್ ಕೊಳವೆ) ಒಡೆದರೆ ನಾಲ್ಕೂ ಗಾಲಿಯ ಬ್ರೇಕ್ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ.

ತಪ್ಪು ಎಲ್ಲಿದೆ ಎಂಬುದನ್ನು ಮೊದಲು ಪೆಡಲೇ ಹೇಳುತ್ತದೆ. ಗಾಡಿ ನಿಲ್ಲಿಸಿ ಒಂದು ನಿಮಿಷ ಒಂದೇ ಸಮ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಹೊರಗೆಲ್ಲೂ ಹಸಿ ಕಾಣದಿದ್ದರೆ, ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಒತ್ತಡ ತಡೆಯುತ್ತಿಲ್ಲ. ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಏರ್ ಇದೆ. ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಶೂ ಮೇಲಿನ ಲೈನರಿಗೆ (ಡ್ರಮ್ಮಿಗೆ ಉಜ್ಜುವ ಪದರಕ್ಕೆ) ಎಣ್ಣೆ ತಾಗಿದೆ, ಇಲ್ಲವೇ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಜಾಮ್ ಆಗಿದೆ.

ಹೆಚ್ಚು ಹಾನಿ ಮಾಡುವುದು ಬ್ರೇಕ್ ಆಯಿಲ್ ಡಬ್ಬಿಗೆ ಕೈಗೆ ಸಿಕ್ಕ ಎಣ್ಣೆ ಸುರಿಯುವ ಚಾಳಿ. ಇಂಜಿನ್ ಆಯಿಲ್ ತಗುಲಿದರೆ ರಬ್ಬರ್ ಕಪ್ ಉಬ್ಬಿ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಅನುಮಾನ ಬಂದರೆ ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಡಬ್ಬಿಯ ಎಣ್ಣೆ ನಾಲ್ಕು ಹನಿ ಬಿಡಿ. ಬ್ರೇಕಿಗೆಂದೇ ಇರುವ ಡಾಟ್ 3, ಡಾಟ್ 4 ದರ್ಜೆಯ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಇಂಜಿನ್ ಆಯಿಲ್ ಕಣ್ಣುಕಣ್ಣಾಗಿ ಮೇಲೆ ತೇಲುತ್ತದೆ. ತೇಲಿತೋ, ಬರೀ ಆಯಿಲ್ ಬದಲಿಸಿದರೆ ಸಾಲದು. ಮಾಸ್ಟರ್ ಮತ್ತು ಎಲ್ಲ ವೀಲ್ ಸಿಲಿಂಡರುಗಳ ಕಿಟ್ (ಒಳಗಿನ ರಬ್ಬರ್ ಭಾಗಗಳು), ಎಲ್ಲ ಹೋಸ್ ಹೊಸದಾಗಬೇಕು, ಪೈಪುಗಳನ್ನು ಪೂರ್ತಿ ತೊಳೆಯಬೇಕು. ಏರ್ ತೆಗೆಯುವಾಗ ಬಾಟಲಿಗೆ ಇಳಿದ ಆಯಿಲನ್ನೇ ಮತ್ತೆ ಡಬ್ಬಿಗೆ ಹಾಕುವುದೂ ತಪ್ಪು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಕುಡಿದದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ, ಕುದಿದರೆ ಲೈನಿನಲ್ಲಿ ಆವಿ ತುಂಬಿ ಪೆಡಲ್ ಮೆತ್ತಗಾಗುತ್ತದೆ.

ನಮ್ಮ ಬೇಸಿಗೆಯಲ್ಲಿ ಬಯಲಾಗುವ ಇನ್ನೊಂದು ತಪ್ಪಿದೆ. ಬೆಳಿಗ್ಗೆ ಸರಿಯಿದ್ದ ಗಾಡಿ ಮಧ್ಯಾಹ್ನ ಐದಾರು ಕಿ.ಮೀ. ಓಡಿದೊಡನೆ ತಾನೇ ಹಿಡಿದುಕೊಳ್ಳುತ್ತದೆ, ಡ್ರಮ್ ಸುಡುತ್ತದೆ, ತಣ್ಣಗಾದ ಮೇಲೆ ಬಿಡುತ್ತದೆ. ಮಿಸ್ತ್ರಿ ಶೂ ಸಡಿಲ ಮಾಡಿ ಕಳಿಸುತ್ತಾನೆ, ಮರುದಿನ ಅದೇ ಗೋಳು. ಕಾರಣ ಹಲವು ಸಲ ಡ್ರಮ್ಮಿನಲ್ಲಿರುವುದೇ ಇಲ್ಲ. ಮಾಸ್ಟರ್ ಸಿಲಿಂಡರಿಗೆ ಕಿಟ್ ಹಾಕಿದ ಮೇಲೆ, ಪೆಡಲಿನಿಂದ ಬರುವ ಪುಶ್ ರಾಡಿಗೂ ಮಾಸ್ಟರಿನ ಪಿಸ್ಟನ್ನಿಗೂ ನಡುವೆ ಸುಮಾರು ಒಂದು ಮಿ.ಮೀ. ಸಡಿಲು ಬಿಡಬೇಕು. ಬಿಡದಿದ್ದರೆ ಕಪ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ಮರಳುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಹೋಗಲು ದಾರಿಯಿಲ್ಲದೆ ಶೂಗಳನ್ನೇ ತಳ್ಳುತ್ತದೆ. ಗಾಲಿ ಹಿಡಿದಿರುವಾಗಲೇ, ಸಮತಟ್ಟು ಜಾಗದಲ್ಲಿ ಇತರ ಗಾಲಿಗಳಿಗೆ ಕಲ್ಲು ಕೊಟ್ಟು, ಅದನ್ನು ಜಾಕ್ ಮೇಲೆ ಎತ್ತಿಸಿ ಮಾಸ್ಟರ್ ಸಿಲಿಂಡರಿನ ಪೈಪ್ ನಟ್ ತುಸು ಸಡಿಲಿಸಲು ಹೇಳಿ. ಗಾಲಿ ಬಿಟ್ಟರೆ ದೋಷ ಮಾಸ್ಟರಿನದು ಅಥವಾ ಪುಶ್ ರಾಡಿನದು. ಗಾಲಿಯ ನಿಪ್ಪಲ್ (ಏರ್ ತೆಗೆಯುವ ತಿರುಪು) ತೆರೆದಾಗ ಮಾತ್ರ ಬಿಟ್ಟರೆ ಒಳಗೇ ಊದಿಕೊಂಡ ಹೋಸ್ ಆಯಿಲನ್ನು ತಡೆದಿದೆ. ಎರಡಕ್ಕೂ ಬಿಡದಿದ್ದರೆ ಆಗ ಶೂ, ಪಿಸ್ಟನ್ ನೋಡಬೇಕು.

ಎಣ್ಣೆ ಕುಡಿದ ಲೈನರಿಗೆ ಪೆಟ್ರೋಲ್ ಹಚ್ಚಿ ಸುಟ್ಟು ಮತ್ತೆ ಕೂಡಿಸುವುದು ಬ್ರೇಕ್ ಕೆಲಸವೇ ಅಲ್ಲ. ಬಿಸಿಯಾದಾಗ ಎಣ್ಣೆ ಮತ್ತೆ ಹೊರಬರುತ್ತದೆ. ಎಡಬಲ ಎರಡೂ ಗಾಲಿಗೆ ಹೊಸ ಲೈನರ್ ಹಾಕಬೇಕು. ಹಿಂದಿನ ಗಾಲಿಯಾದರೆ ಎಣ್ಣೆ ಆಕ್ಸಲ್ ಸೀಲಿನಿಂದ ಬಂತೋ ಎಂದು ಮೂಗಿನಿಂದಲೇ ತಿಳಿಯಬಹುದು, ಗೇರ್ ಆಯಿಲಿಗೆ ಗಂಧಕದ ಘಾಟು. ಅಂಬಾಸಡರ್‌ನ ಮುಂದಿನ ಪ್ರತಿ ಡ್ರಮ್ಮಿನಲ್ಲಿ ವೀಲ್ ಸಿಲಿಂಡರ್ ಎರಡು. ಒಂದು ಸೋರಿದರೆ ಅದೊಂದನ್ನೇ ಬದಲಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಲೇತಿನಲ್ಲಿ ಕೊರೆದ ಡ್ರಮ್ಮಿಗೆ ಮಾಮೂಲಿ ಲೈನರ್ ಕೂಡಿಸಿದರೆ ನಡುಭಾಗ ಮಾತ್ರ ತಾಗುತ್ತದೆ. ಡ್ರಮ್ ಬಿಚ್ಚಿಸಿದರೆ ಹೊಳಪು ಎಲ್ಲಿದೆ ಎಂಬುದರಿಂದ ಅದು ಗೊತ್ತಾಗುತ್ತದೆ. ಬಿಚ್ಚಿದಾಗ ಧೂಳಿಗೆ ಏರ್ ಹೊಡೆಯಲು ಬಿಡಬೇಡಿ, ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ಇರುತ್ತಿತ್ತು.

ಮಿಸ್ತ್ರಿಗಳ ಕಷ್ಟವೂ ಇದೆ. ಡ್ರಮ್ ಕೆಲಸ ಬಲ್ಲ ಉಸ್ತಾದರಿಗೆ ವಯಸ್ಸಾಗಿದೆ, ಡಿಸ್ಕ್ ಪ್ಯಾಡ್ ಬದಲಿಸಿಯೇ ಕಲಿತ ಹುಡುಗರಿಗೆ ಪುಶ್ ರಾಡಿನ ಸಡಿಲು ಯಾರೂ ತೋರಿಸಿಲ್ಲ. ಆದರೂ ಹಣ ಪಡೆದ ಮೇಲೆ ಹೊಣೆ ಅವರದೇ. ದೋಷ ಕಂಡ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಟೋಯಿಂಗ್ ಗಾಡಿಯಲ್ಲಿ ಎತ್ತಿಸಿಕೊಂಡು ಹೋಗಿ. ಬಿಚ್ಚುವಾಗ ಎದುರಿಗಿರಿ, ಫೋಟೊ ತೆಗೆಯಿರಿ. ಇನ್ನೊಂದು ಗ್ಯಾರೇಜಿನಿಂದ ದೋಷ ಏನೆಂದು ಬರೆಸಿಕೊಳ್ಳಿ. ಸರಿಪಡಿಸಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ‘ಬ್ರೇಕ್ ಕೆಲಸ, ಒಟ್ಟು ಇಷ್ಟು’ ಎಂಬ ಒಂದೇ ಸಾಲಿನ ಚೀಟಿ ಇಟ್ಟುಕೊಂಡು ಅಲ್ಲಿ ವಾದಿಸುವುದು ಕಷ್ಟ. ಯಾವ ಕಿಟ್, ಎಷ್ಟು ಸಿಲಿಂಡರ್, ಯಾವ ಆಯಿಲ್ ಎಂದು ಬಿಲ್ಲಿನಲ್ಲಿ ಬರೆಸಿ, ಬಿಚ್ಚಿದ ಹಳೆಯ ಕಪ್, ಲೈನರುಗಳನ್ನು ಚೀಲದಲ್ಲಿ ಕಟ್ಟಿಸಿಕೊಂಡೇ ಹಣ ಕೊಡಿ.

– ಹಳೆಯ ಗಾಡಿಗಳ ಕೆಲಸ ಬಲ್ಲ ಓದುಗರು, ಕಲಬುರಗಿ