ಟೀ ಅಗ್ಗವಾಗಿತ್ತಲ್ಲ, ಮತ್ತೆ ಯಾಕೆ?

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟಾಗಿನಿಂದ ನಿನ್ನಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಹುಡುಗನ ಮನೆಯವರಿಗೆ ಬರಬೇಡಿ ಅಂತ ಹೇಳಿಯಾಯಿತು. ಅದನ್ನು ಮತ್ತೆ ಕೆದಕುವುದಿಲ್ಲ.

ನನಗೆ ಎಂಟನೇ ಕ್ಲಾಸಿನ ಆ ದಿನವೇ ಕಣ್ಣಿಗೆ ಕಟ್ಟುತ್ತಿದೆ. ಬೋರ್ಡಿನ ಮೇಲೆ ‘1773, ಬಾಸ್ಟನ್, ಟೀ ಮೇಲೆ ವಿಪರೀತ ತೆರಿಗೆ’ ಅಂತ ಬರೆದಿದ್ದೆ. ಕಿಟಕಿ ಪಕ್ಕದ ಬೆಂಚಿನಿಂದ ನೀನು ಎದ್ದೆ. ‘ಸರ್, ಆಗ ಟೀ ಅಗ್ಗವಾಗಿತ್ತಲ್ಲ, ಮತ್ತೆ ಯಾಕೆ ಚೆಲ್ಲಿದರು?’ ಅಪ್ಪ ಅನ್ನಲಿಲ್ಲ, ಸರ್ ಅಂದೆ. ನಾನು ‘ಕೂತ್ಕೋ’ ಅಂದೆ. ಪಾಠ ಮುಗಿಸಬೇಕು ಅನ್ನುವುದು ನೆಪ. ಉತ್ತರ ಗೊತ್ತಿರಲಿಲ್ಲ, ಅಷ್ಟೇ. ಸಂಜೆ ಸೈಕಲ್ ಹಿಂದೆ ಕೂತವಳು ಮನೆ ಬರುವ ತನಕ ತುಟಿ ಬಿಚ್ಚಲಿಲ್ಲ. ಕ್ಯಾರಿಯರ್ ಹಿಡಿದುಕೊಂಡಿದ್ದೆ, ನನ್ನ ಷರ್ಟ್ ಹಿಡಿಯಲಿಲ್ಲ.

ನೀನು ಕೇಳಿದ್ದೇ ಸರಿ. ಬಾಸ್ಟನ್ ಆಗ ಅಮೆರಿಕದಲ್ಲಿದ್ದ ಬ್ರಿಟಿಷ್ ವಸಾಹತಿನ ಊರು. ಈಸ್ಟ್ ಇಂಡಿಯಾ ಕಂಪನಿ ಅಲ್ಲಿಗೆ ನೇರವಾಗಿ ಟೀ ಸಾಗಿಸಬಹುದು ಅಂತ ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆ ಬಂತು. ಒಂದು ಪೌಂಡ್ ತೂಕದ ಟೀಗೆ 3 ಪೆನ್ಸ್ ಸುಂಕ ಸೇರಿದರೂ ಬೆಲೆ ಇಳಿಯುವುದಿತ್ತು. ಆದರೂ 342 ಪೆಟ್ಟಿಗೆ ಸಮುದ್ರಕ್ಕೆ ಹೋದವು. ಸುಂಕ ಹಾಕಿದ ಆ ಪಾರ್ಲಿಮೆಂಟಿನಲ್ಲಿ ವಸಾಹತಿನ ಜನರ ಪ್ರತಿನಿಧಿ ಒಬ್ಬನೂ ಇರಲಿಲ್ಲ. ಆ ಟೀ ಕುಡಿದರೆ ಸುಂಕ ಒಪ್ಪಿದ ಹಾಗೆ ಅಲ್ವಾ?

ಅದಕ್ಕೂ ಮೊದಲು, 1765ರಲ್ಲಿ, ಪತ್ರಿಕೆ, ಉಯಿಲು, ಇಸ್ಪೀಟು ಎಲೆಗೂ ಸ್ಟ್ಯಾಂಪ್ ತೆರಿಗೆ ಹಾಕಿದ್ದರು. ದೊಡ್ಡ ಗಲಾಟೆಯಾಗಿ 1766ರ ಮಾರ್ಚ್ 18ರಂದು ರದ್ದು ಮಾಡಿದರು. ಅದೇ ದಿನ ಇನ್ನೊಂದು ಕಾಯ್ದೆ ತಂದರು: ಯಾವ ವಿಷಯಕ್ಕೇ ಆಗಲಿ, ನಿಮಗೆ ಕಾನೂನು ಮಾಡುವ ಹಕ್ಕು ನಮ್ಮದೇ. ನೋಡು, ಸುಮ್ನೆ ಪತ್ರ ಬರೆಯೋಣ ಅಂತ ಕೂತು ಪಾಠ ಶುರು ಮಾಡಿಬಿಟ್ಟೆ.

ಫೋನಿನಲ್ಲಿ ನಾನೂ ಹಾಗೇ ಅಂದೆ. ‘ಈ ಸಲ ಬಿಟ್ಟೆ, ಆದರೂ ಮದುವೆ ವಿಷಯ ತೀರ್ಮಾನ ಮಾಡೋನು ನಾನೇ.’ ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಹುಡುಗ ಒಳ್ಳೆಯವನೇ. ಆದರೆ ನಿನ್ನನ್ನು ಒಂದು ಮಾತು ಕೇಳಬೇಕಿತ್ತು.

ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಊರಿನಲ್ಲಿ ಈಗ ನನ್ನ ಮಗಳ ಕೆಲಸ. ಎದುರು ಮನೆಯವರಿಗೆ ಮೂರು ಸಲ ಹೇಳಿದ್ದೇನೆ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ರಾತ್ರಿ ಬಂದರಿನ ಕಡೆ ಒಬ್ಬಳೇ ಹೋಗಬೇಡ. ದುಡ್ಡು ಕೂಡಿಡು. ಇನ್ನೂ ಒಂದು ವರ್ಷ ಬಿಟ್ಟು ಯೋಚಿಸಿದರೂ... ಬೇಡ, ಬಿಡು.

ಅಮ್ಮ ಸಾರಿನ ಪುಡಿ, ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಟೀ ಪುಡಿಯೂ ಬೇಕಾ? ನೀನು ಹೇಳುವ ತನಕ ಡಬ್ಬಿಗೆ ಟೇಪ್ ಹಾಕುವುದಿಲ್ಲ.

ನಿನ್ನ
ಅಪ್ಪ